ಹರಳಯ್ಯನ ಜೋಡು ಎಷ್ಟು ವರ್ಷ ಬಾಳಿಕೆ ಬಂತು?

ಸಮಗಾರ ಹರಳಯ್ಯನ ಕತೆಯನ್ನು ನಾನು ಮೊದಲು ಕೇಳಿದ್ದು ದೊಡ್ಡಪ್ಪನ ಬಾಯಲ್ಲಿ. ಆತ ಹರಳಯ್ಯನನ್ನು ನಂಬುತ್ತಿದ್ದ, ಕತೆಯನ್ನು ಮಾತ್ರ ಪೂರ್ತಿ ನಂಬುತ್ತಿರಲಿಲ್ಲ. ಅಥಣಿ ತಾಲೂಕಿನ ನಮ್ಮೂರ ಮನೆಯ ಪಡಸಾಲೆಯಲ್ಲಿ ಹರಳಯ್ಯ-ಕಲ್ಯಾಣಮ್ಮನವರ ಪಟವೊಂದಿತ್ತು. ಅದರ ಕೆಳಗೇ ಕೂತು ಆತ ಚಪ್ಪಲಿಯ ತಳ ಕೊಯ್ಯುತ್ತಿದ್ದ. ದಿನಾ ಊದಿನಕಡ್ಡಿ ಹಚ್ಚುತ್ತಿದ್ದವನೂ ಆತನೇ. ಆದರೆ ಕತೆ ಹೇಳುತ್ತ ಹೇಳುತ್ತ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಎಂಬಲ್ಲಿಗೆ ಬಂದಾಗ ರಂಪಗಿ ಕೆಳಗಿಟ್ಟು ನನ್ನನ್ನೇ ಕೇಳುತ್ತಿದ್ದ: "ಹಸೀ ತೊಗಲು ಯವ್ವಾ. ಸುಣ್ಣಕ್ಕ ಹಾಕಬೇಕು, ಕೂದಲ ತಗೀಬೇಕು, ಜಾಲಿ ತೊಗಟಿ, ಹಿರಡಿ ಹಾಕಿ ಹದಾ ಮಾಡಬೇಕು. ಎಷ್ಟು ದಿನ ಬೇಕು ಹೇಳು ನೋಡೂಣು? ಅಲ್ಲೀತನಕ ಬಸವಣ್ಣ ಬಾಗಲದಾಗ ನಿಂತಿದ್ನೇನು?"

ಇದು ಒಂದನೆಯ ಪ್ರಶ್ನೆ. ಎರಡನೆಯದು ಯಾವಾಗಲೂ ಕತೆ ಮುಗಿದ ಮೇಲೆ ಬರುತ್ತಿತ್ತು: "ಆತು, ಮಾಡಿದ್ರು ಅನ್ನು. ಎಷ್ಟು ವರ್ಷ ಬಾಳಿಕಿ ಬಂತು?"

ಶರಣರ ಕಥನಗಳಲ್ಲಿ ಕಾಯಕದ ಚಿತ್ರಣ ಎಂಬುದು ನನ್ನ ಪಿಎಚ್‌ಡಿಯ ವಿಷಯ. ಮೂರನೆಯ ಅಧ್ಯಾಯ ಹರಳಯ್ಯನದು. ಅದು ಒಂದೂವರೆ ವರ್ಷದಿಂದ ಈ ಎರಡು ಪ್ರಶ್ನೆಗಳಲ್ಲಿ ಸಿಕ್ಕಿಕೊಂಡಿದೆ. ಮೊದಲ ಕರಡನ್ನು ಓದಿದ ಹಿರಿಯರೊಬ್ಬರು, ಇದು ಸಾಹಿತ್ಯ ವಿಮರ್ಶೆಯಲ್ಲ, ಅರ್ಥಶಾಸ್ತ್ರದ ವಿಭಾಗಕ್ಕೆ ಕಳಿಸಿ ಎಂದರು. ಕಳಿಸಿದರೆ ಅವರು ಮತ್ತೆ ಕನ್ನಡ ವಿಭಾಗಕ್ಕೇ ಕಳಿಸುತ್ತಾರೆ ಎಂಬುದು ನನಗೆ ಗೊತ್ತು. ಹಾಗಾಗಿ ಆ ಅಧ್ಯಾಯದಲ್ಲಿ ಹಿಡಿಸದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಅರ್ಥಶಾಸ್ತ್ರದ ಕನ್ನಡ ಪಠ್ಯಗಳಲ್ಲಿ 'ಬಾಳಿಕೆ ಬರುವ ಸರಕು' ಎಂಬ ಮಾತಿದೆ. ಫ್ರಿಜ್ಜು, ಮೋಟಾರು, ಮಂಚ, ಹೊಲಿಗೆ ಯಂತ್ರ ಇತ್ಯಾದಿ. ಒಮ್ಮೆ ಕೊಂಡರೆ ವರ್ಷಗಟ್ಟಲೆ ಕೆಲಸ ಕೊಡುವ ವಸ್ತುಗಳು. ಜನರ ಕೈಯಲ್ಲಿ ದುಡ್ಡು ಬಿಗಿಯಾದಾಗ ಮೊದಲು ಮುಂದೂಡುವುದು ಇವುಗಳ ಖರೀದಿಯನ್ನೇ. ಅಕ್ಕಿ ಮುಂದೂಡಲಾಗದು, ಹಳೇ ಫ್ರಿಜ್ಜನ್ನು ಇನ್ನೊಂದು ವರ್ಷ ತಳ್ಳಬಹುದು. ಅದಕ್ಕೇ ದೇಶದ ಆರ್ಥಿಕತೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡುವವರು ಈ ಸರಕುಗಳ ಮಾರಾಟದ ಮೇಲೆ ಕಣ್ಣಿಟ್ಟಿರುತ್ತಾರೆ. ಅಮೆರಿಕದ ರಾಷ್ಟ್ರೀಯ ಲೆಕ್ಕದಲ್ಲಿ ಸರಾಸರಿ 3 ವರ್ಷವಾದರೂ ಬರುವಂಥದ್ದು ಬಾಳಿಕೆಯ ಸರಕು. ಬಟ್ಟೆ, ಪಾದರಕ್ಷೆ ಆ ಪಟ್ಟಿಯಲ್ಲಿಲ್ಲ. ವಿಶ್ವಸಂಸ್ಥೆಯ ವರ್ಗೀಕರಣ ಸ್ವಲ್ಪ ಉದಾರಿ, ಪಾದರಕ್ಷೆಗೆ 'ಅರೆಬಾಳಿಕೆ'ಯ ಸ್ಥಾನ ಕೊಡುತ್ತದೆ. ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಆತ ನಕ್ಕುಬಿಟ್ಟ. ಎಮ್ಮೆ ತೊಗಲಿನ ತಳ, ಮೊಳೆ ಇಲ್ಲದ ಹೊಲಿಗೆ, ತೊಗಲಿನ ವಾದಿಯಿಂದಲೇ ಕಟ್ಟಿದ ಜೋಡನ್ನು ಹೊಲದ ಕೆಲಸಕ್ಕೆ ಮೆಟ್ಟಿ, ನಡುನಡುವೆ ತಳ ಹಾಕಿಸಿಕೊಂಡು, ಎಷ್ಟೋ ಸುಗ್ಗಿ ಕಳೆದ ರೈತರು ಆತನ ಗಿರಾಕಿಗಳು.

ಕನ್ನಡದ ಈ ಪದವನ್ನೇ ನೋಡಿ. ಬಾಳಿಕೆ ಬಂದದ್ದು 'ಬಾಳು'ವಿನಿಂದ. ನಮ್ಮ ಭಾಷೆಯಲ್ಲಿ ವಸ್ತು ತಾಳುವುದಷ್ಟೇ ಅಲ್ಲ, ಬಾಳುತ್ತದೆ, ಮನುಷ್ಯರು ಬಾಳಿದ ಹಾಗೆ. ಬಾಳುವುದೆಂದರೆ ಸವೆಯುವುದು, ರಿಪೇರಿಯಾಗುವುದು, ಮತ್ತೆ ಕೆಲಸಕ್ಕೆ ಬೀಳುವುದು. ಇಂಥ ಪದ ಇಟ್ಟುಕೊಂಡಿರುವ ಭಾಷೆಯ ಸಾಹಿತ್ಯದಲ್ಲಿ ಬಾಳಿದ ಚಪ್ಪಲಿ ಒಂದಾದರೂ ಇರಬೇಕಲ್ಲ ಎಂದು ನಾನು ಹುಡುಕಲು ಹೊರಟೆ.

ಹರಳಯ್ಯನಿಂದಲೇ ಶುರು ಮಾಡುತ್ತೇನೆ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ ಶರಣು ಎನ್ನುತ್ತಾನೆ. ಬಸವಣ್ಣ ಶರಣು ಶರಣಾರ್ಥಿ ಎಂದು ಮರುನುಡಿಯುತ್ತಾನೆ. ತಾನು ಕೊಟ್ಟದ್ದು ಒಂದು, ಬಂದದ್ದು ಎರಡು. ಒಂದು ಶರಣು ಹೆಚ್ಚಾಯಿತು, ಅದರ ಭಾರ ತನ್ನ ಮೇಲೆ ಕೂತಿತು ಎಂದು ಹರಳಯ್ಯ ಕೊರಗುತ್ತಾನೆ. ಗಂಡನ ಬಲದೊಡೆ, ಹೆಂಡತಿಯ ಎಡದೊಡೆಯ ಚರ್ಮದಿಂದ ಒಂದು ಜೊತೆ ಚಮ್ಮಾವುಗೆ ಸಿದ್ಧವಾಗುತ್ತದೆ. ಬಸವಣ್ಣ ಅದನ್ನು ಮೆಟ್ಟುವುದಿಲ್ಲ, ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಮುಂದೆ ಮಧುವರಸ ಅದನ್ನು ಮೆಟ್ಟಿ ಮೈಯುರಿಯಿಂದ ನರಳಿ, ಕೊನೆಗೆ ಹರಳಯ್ಯನ ಮನೆಯ ನೀರಿನಿಂದಲೇ ಗುಣವಾಗುತ್ತಾನೆ. ಅದರ ಮುಂದೆ ಮಧುವರಸನ ಮಗಳಿಗೂ ಹರಳಯ್ಯನ ಮಗ ಶೀಲವಂತನಿಗೂ ಮದುವೆ, ಎಳೆಹೂಟೆ, ಕಲ್ಯಾಣದ ಕ್ರಾಂತಿ.

ಈ ಕತೆಯನ್ನು ನಾವು ಎರಡು ಬಗೆಯಲ್ಲಿ ಓದುತ್ತ ಬಂದಿದ್ದೇವೆ. ಮಠದ ಓದಿಗೆ ಅದು ಭಕ್ತಿಯ ಪರಾಕಾಷ್ಠೆ. ಆಧುನಿಕರ ಓದಿಗೆ ಅದು ಮದುವೆಯ ಪೀಠಿಕೆ. ಗಿರೀಶ ಕಾರ್ನಾಡರ 'ತಲೆದಂಡ'ದಲ್ಲಿ ಎಲ್ಲವೂ ಆ ಮದುವೆಯ ಸುತ್ತ ತಿರುಗುತ್ತದೆ. ಎರಡೂ ಓದುಗಳಲ್ಲಿ ಚಪ್ಪಲಿ ಬಂದು ತನ್ನ ಕೆಲಸ ಮುಗಿಸಿ ಮರೆಯಾಗುತ್ತದೆ. ದೊಡ್ಡಪ್ಪನ ಓದು ಮೂರನೆಯದು. ಆತನ ಮೊದಲ ತಕರಾರನ್ನು ಹಾಸ್ಯ ಎಂದು ತಳ್ಳಿಹಾಕುವಂತಿಲ್ಲ. ಹದ ಮಾಡುವವರು ಬೇರೆ, ಹೊಲಿಯುವವರು ಬೇರೆ. ನಮ್ಮ ಕಡೆ ಹದ ಮಾಡುವ ಕಸುಬು ಢೋರರದು. ಅದೇ ಕಲ್ಯಾಣದಲ್ಲಿ ಡೋಹರ ಕಕ್ಕಯ್ಯ ಇದ್ದ, ಅವನೂ ಶರಣ. ಕತೆ ಕಕ್ಕಯ್ಯನ ಕೆಲಸವನ್ನು ನುಂಗಿಹಾಕಿದೆ. ಸುಣ್ಣದ ಗುಂಡಿ, ತೊಗಟೆಯ ನೀರು, ಆ ವಾಸನೆ, ಕಾಯುವ ದಿನಗಳು, ಒಂದೂ ಇಲ್ಲ. ತ್ಯಾಗಕ್ಕೆ ಒಂದು ಕ್ಷಣ ಸಾಕು, ಚಪ್ಪಲಿಗೆ ವಾರಗಳು ಬೇಕು. ಪುರಾಣ ಕ್ಷಣವನ್ನು ಆರಿಸಿಕೊಂಡಿತು.

ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡದ್ದರ ಬಗ್ಗೆ ನನಗೆ ಇನ್ನೂ ಒಂದು ನಿಲುವಿಲ್ಲ. ಸಮಗಾರ ಮುಟ್ಟಿದ್ದನ್ನು ಮಂತ್ರಿಯೊಬ್ಬ ತಲೆಗೇರಿಸುವುದು ಹನ್ನೆರಡನೆಯ ಶತಮಾನದಲ್ಲಿರಲಿ, ಇವತ್ತೂ ಸಣ್ಣ ಮಾತಲ್ಲ. ನಮ್ಮೂರಲ್ಲಿ ದೊಡ್ಡಪ್ಪ ಮಾಡಿದ ಜೋಡನ್ನು ಮೆಟ್ಟುತ್ತಿದ್ದ ಮನೆಗಳಲ್ಲಿ ಅವನಿಗೆ ಚಹಾ ಬೇರೆ ಕಪ್ಪಿನಲ್ಲಿ ಬರುತ್ತಿತ್ತು. ಅದನ್ನು ನೋಡಿ ಬೆಳೆದವಳಿಗೆ ಬಸವಣ್ಣನ ಆ ನಡೆ ಎದೆ ತುಂಬಿಸುತ್ತದೆ. ಆದರೂ ಮಾಡಿದವನ ಕಡೆಯಿಂದ ನೋಡಿದರೆ ಅಲ್ಲೊಂದು ನಷ್ಟ ಇದೆ. ಮೆಟ್ಟದ ಜೋಡು ಹರಿಯುವುದಿಲ್ಲ, ಹರಿಯದ್ದಕ್ಕೆ ಬಾಳಿಕೆ ಎಂಬುದೂ ಇಲ್ಲ. ಅದು ಸರಕಿನ ಸಾಲಿನಿಂದ ಎದ್ದು ದೇವರ ಸಾಲಿಗೆ ಹೋಯಿತು. ಭರತ ಸಿಂಹಾಸನದ ಮೇಲಿಟ್ಟ ಪಾದುಕೆಯದೂ ಇದೇ ಕತೆ. ಹದಿನಾಲ್ಕು ವರ್ಷ ಅದು ಆಳಿತು, ಆದರೆ ನಡೆಯಲಿಲ್ಲ.

ಇದೇ ಕಲ್ಯಾಣದ ಇನ್ನೊಂದು ಕತೆಯನ್ನು ಪಕ್ಕಕ್ಕಿಟ್ಟರೆ ವಿಷಯ ಇನ್ನೂ ಬಿಡಿಸಿಕೊಳ್ಳುತ್ತದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಸುರಿದು ಬಾ ಎನ್ನುತ್ತಾಳೆ. ಅಲ್ಲೂ ಹೆಚ್ಚುವರಿಯ ಲೆಕ್ಕವೇ. ಆದರೆ ಅಕ್ಕಿ ಆ ದಿನದ್ದು, ಅಂದೇ ಬೆಂದು ಅಂದೇ ಮುಗಿಯುತ್ತದೆ. ನಾಳೆಗೆ ಮತ್ತೆ ಆಯಬೇಕು. ಮೋಳಿಗೆ ಮಾರಯ್ಯನ ಸೌದೆಯೂ ಹಾಗೇ. ಮಡಿವಾಳ ಮಾಚಯ್ಯನ ಬಟ್ಟೆ ನಾಳೆ ಮತ್ತೆ ಕೊಳೆಯಾಗುತ್ತದೆ, ಅಂಬಿಗರ ಚೌಡಯ್ಯನ ದೋಣಿ ನಾಳೆ ಮತ್ತೆ ಆ ದಡಕ್ಕೆ ಹೋಗಬೇಕು. ಕಾಯಕ-ದಾಸೋಹದ ವ್ಯವಸ್ಥೆ ದಿನದ ದುಡಿಮೆ, ದಿನದ ಊಟದ ಲಯಕ್ಕೆ ಕೂಡಿಸಿದ್ದು. ಆ ಲಯದಲ್ಲಿ ಹರಳಯ್ಯ ತೊಡಕಿನ ಮನುಷ್ಯ. ಅವನು ಮಾಡುವುದು ವರ್ಷಗಟ್ಟಲೆ ಬರುವ ವಸ್ತು. ಇವತ್ತು ನಿನ್ನ ಕಾಲಿಗೆ ಜೋಡು ಹಾಕಿದೆ, ನೀನು ಮತ್ತೆ ನನ್ನ ಬಾಗಿಲಿಗೆ ಬರುವುದು ಯಾವಾಗಲೋ. ಅಲ್ಲಿಯವರೆಗೆ ನನ್ನ ಮನೆಯ ದಾಸೋಹ ನಡೆಯುವುದು ಹೇಗೆ? ಒಳ್ಳೆಯ ಕೆಲಸಗಾರ ಆದಷ್ಟೂ ಗಿರಾಕಿ ತಡವಾಗಿ ಬರುತ್ತಾನೆ. ಶರಣರ ಕಥನಗಳು ಈ ಪ್ರಶ್ನೆಯನ್ನು ಎತ್ತಿಕೊಂಡದ್ದನ್ನು ನಾನು ಓದಿಲ್ಲ. ಕಾಯಕದ ಬಗ್ಗೆ ಇಷ್ಟೆಲ್ಲ ಬರೆದಿರುವ ನಾವೂ ದುಡಿಮೆಯನ್ನು ಹೊಗಳಿದೆವು, ದುಡಿಮೆಯಿಂದ ಹುಟ್ಟಿದ ವಸ್ತು ಆಮೇಲೆ ಏನಾಯಿತು ಎಂದು ಕೇಳಲಿಲ್ಲ.

ದಕ್ಷಿಣಕ್ಕೆ, ಕೊಳ್ಳೇಗಾಲದ ಕಡೆ ಹೋದರೆ ಹರಳಯ್ಯ ಬೇರೆ ವೇಷದಲ್ಲಿ ಸಿಗುತ್ತಾನೆ. ಮಲೆ ಮಾದೇಶ್ವರ ಕಾವ್ಯದಲ್ಲಿ ಮಾದಪ್ಪ ಅವನಿಂದ ಉರಿಯ ಚಮ್ಮಾವುಗೆ ಮಾಡಿಸುತ್ತಾನೆ. ಅದನ್ನು ಮೆಟ್ಟಿದ ಶ್ರವಣಾಸುರ ಬೆಂದುಹೋಗುತ್ತಾನೆ. ಡಿ.ಆರ್. ನಾಗರಾಜ್ 1993ರಲ್ಲಿ ಇಂಗ್ಲಿಷಿನಲ್ಲಿ ಬರೆದ, ದಲಿತ ಚಳವಳಿಯ ಬಗೆಗಿನ ಪುಸ್ತಕ ಕನ್ನಡದಲ್ಲಿ 'ಉರಿ ಚಮ್ಮಾಳಿಗೆ' ಎಂಬ ಹೆಸರಿನಿಂದ ಬಂದದ್ದು ನೆನಪಾಗುತ್ತದೆ. ಇಲ್ಲಿ ಮಾಡುವವನ ಕೈಗೆ ಶಕ್ತಿ ಇದೆ. ಅವನ ಹೊಲಿಗೆ ಒಂದು ದೊರೆತನವನ್ನೇ ಸುಡುತ್ತದೆ. ಆದರೆ ಗಮನಿಸಿ, ಆ ಶಕ್ತಿ ಬರುವುದು ಮೊದಲ ಸಲಕ್ಕೇ ಕೆಡುವಂತೆ ಮಾಡಿದ ಜೋಡಿನಿಂದ. ಬೇಕೆಂದೇ ಕೆಡುವಂತೆ ಮಾಡುವ ವಿದ್ಯೆ ಆಮೇಲೆ ಎಲ್ಲೆಲ್ಲೋ ಬೆಳೆಯಿತು. 1924ರಲ್ಲಿ ಜಿನೀವಾದಲ್ಲಿ ಬಲ್ಬ್ ಕಂಪನಿಗಳು ಫೀಬಸ್ ಎಂಬ ಹೆಸರಿನಲ್ಲಿ ಕೂಟ ಕಟ್ಟಿ, ಯಾವ ಬಲ್ಬೂ 1,000 ಗಂಟೆಗಿಂತ ಹೆಚ್ಚು ಉರಿಯಬಾರದೆಂದು ಗೊತ್ತುಮಾಡಿಕೊಂಡವು, ಹೆಚ್ಚು ಉರಿಯುವ ಬಲ್ಬ್ ಮಾಡಿದವರಿಗೆ ದಂಡ ಹಾಕಿದವು. ಹರಳಯ್ಯ ಸುಟ್ಟದ್ದು ಅಸುರನನ್ನು, ಇವರು ಸುಟ್ಟದ್ದು ಗಿರಾಕಿಯ ಜೇಬನ್ನು.

ಮೂರನೆಯ ಜೋಡು ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ಕೊಟ್ಟ ಕನ್ನಡದ ಜನಪದ ಕತೆಯೊಂದರಲ್ಲಿದೆ. ರಾಮಾನುಜನ್ ಬೆಳಗಾವಿಯಲ್ಲಿ ಪಾಠ ಹೇಳಿದವರು, ನಮ್ಮ ಕಡೆಯ ಕತೆಗಳನ್ನೂ ಸಂಗ್ರಹಿಸಿದವರು. ಒಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಲಿಲ್ಲ. ಒಳಗೆ ಉಸಿರುಗಟ್ಟಿದ ಕತೆ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಗಂಡಸಿನ ಜೋಡಾಗಿ ಮನೆಯ ಹೊರಗೆ ಕೂತಿತು, ಹಾಡು ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿದ. ಯಾರ ಜೋಡಿದು? ಜಗಳ. ಅವನು ಹನುಮಂತನ ಗುಡಿಯಲ್ಲಿ ಮಲಗಲು ಹೋದ, ಅಲ್ಲಿ ರಾತ್ರಿ ಸೇರಿದ ಊರ ದೀಪಗಳ ಮಾತಿನಿಂದ ಸತ್ಯ ತಿಳಿಯಿತು. ಕಾರ್ನಾಡರು ಇದೇ ಕತೆಯನ್ನು 'ನಾಗಮಂಡಲ'ದ ಆರಂಭಕ್ಕೆ ತಂದುಕೊಂಡರು. ಆದರೆ ಅವರ ನಾಟಕದಲ್ಲಿ ಕತೆ ಹೆಣ್ಣಾಗುತ್ತದೆ, ಹಾಡು ಅವಳ ಸೀರೆಯಾಗುತ್ತದೆ. ರಂಗಕ್ಕೆ ಅದು ಸೊಗಸು, ಒಪ್ಪುತ್ತೇನೆ. ಆದರೂ ಹೊಸ್ತಿಲ ಜೋಡು ಹೋದದ್ದಕ್ಕೆ ನನಗೆ ಬೇಸರವಿದೆ, ಯಾಕೆಂದರೆ ಕತೆ ಚಪ್ಪಲಿಯೇ ಆದದ್ದರಲ್ಲಿ ಒಂದು ತಿಳಿವಳಿಕೆ ಇತ್ತು. ಬಳಸದೆ ಕೂಡಿಟ್ಟದ್ದು ಕೆಡುತ್ತದೆ ಎಂಬುದು ತೊಗಲಿಗೆ ಅಕ್ಷರಶಃ ನಿಜ. ಮೆಟ್ಟಿದ ಜೋಡು ಕಾಲಿನ ಬೆವರಿಗೆ, ಎಣ್ಣೆಗೆ ಮೆತ್ತಗಾಗಿ ಬಾಳುತ್ತದೆ. ಪೆಟ್ಟಿಗೆಯಲ್ಲಿಟ್ಟ ಜೋಡು ಸೆಟೆದು, ಬೂಸು ಹಿಡಿದು, ಬಿರಿಯುತ್ತದೆ. ಕತೆಯ ಕೊನೆಯಲ್ಲಿ ಗಂಡ ವಾಪಸು ಬಂದು ನಿನ್ನ ಕತೆ, ಹಾಡು ಹೇಳು ಎಂದರೆ ಅವಳಿಗೆ ಯಾವ ಕತೆ, ಯಾವ ಹಾಡು ಎಂದೇ ನೆನಪಿಲ್ಲ. ನನಗೆ ಸಿಕ್ಕಿದ್ದರಲ್ಲಿ ಬಾಳಿಕೆಯ ಹತ್ತಿರಕ್ಕೆ ಬರುವುದು ಈ ಕತೆಯೊಂದೇ. ಅಲ್ಲೂ ಜೋಡನ್ನು ಮಾಡಿದವರು ಯಾರೂ ಇಲ್ಲ, ಅದು ಬಾಯಿಂದ ಬಿದ್ದದ್ದು.

ಹೀಗೆ ತಲೆಯ ಮೇಲೆ ಹೋದದ್ದು ಒಂದು, ಬೆಂಕಿಯಾದದ್ದು ಒಂದು, ಮಾಡುವವರೇ ಇಲ್ಲದೆ ಹುಟ್ಟಿದ್ದು ಒಂದು. ನಡೆದು ಸವೆದ, ಉಂಗುಟ ಕಿತ್ತು ಮತ್ತೆ ಹೊಲಿಸಿಕೊಂಡ ಜೋಡು ನನಗೆ ಸಿಗಲಿಲ್ಲ.

ಅರ್ಥಶಾಸ್ತ್ರದವರು ಈ ತೊಡಕನ್ನು ನಮಗಿಂತ ಮೊದಲೇ ಕಂಡಿದ್ದಾರೆ. 1972ರಲ್ಲಿ ರೊನಾಲ್ಡ್ ಕೋಸ್ ಬಾಳಿಕೆ ಮತ್ತು ಏಕಸ್ವಾಮ್ಯದ ಬಗ್ಗೆ ಒಂದು ಚಿಕ್ಕ ಲೇಖನ ಬರೆದ. ಬಾಳಿಕೆ ಬರುವ ವಸ್ತುವನ್ನು ಮಾರುವವನು ಒಬ್ಬನೇ ಇದ್ದರೂ ಅವನಿಗೆ ಒಬ್ಬ ಪ್ರತಿಸ್ಪರ್ಧಿ ಇದ್ದೇ ಇರುತ್ತಾನೆ, ನಿನ್ನೆ ಮಾರಿದ ತನ್ನದೇ ಸರಕು. ಗಿರಾಕಿ ಕಾಯಬಲ್ಲ, ಮಾರುವವನಿಗೆ ಬೆಲೆ ಇಳಿಸದೆ ಗತಿಯಿಲ್ಲ. ಪಾರಾಗಲು ದಾರಿಗಳೆಂದರೆ ಮಾರದೆ ಬಾಡಿಗೆಗೆ ಕೊಡುವುದು, ಬಾಳಿಕೆಯನ್ನೇ ಕಡಿಮೆ ಮಾಡುವುದು, ಇಲ್ಲವೆ ಇಷ್ಟಕ್ಕಿಂತ ಹೆಚ್ಚು ಮಾಡುವುದಿಲ್ಲ ಎಂದು ಮಾತು ಕೊಡುವುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಚಪ್ಪಲಿಯ ಚರಿತ್ರೆಯಲ್ಲಿ ಈ ಮೂರೂ ನಡೆದಿವೆ ಎಂಬುದು ನನ್ನ ವಾದ. ನಮ್ಮ ಕಸುಬುದಾರರು ಏಕಸ್ವಾಮಿಗಳಲ್ಲ, ಆ ಶಬ್ದ ಕೇಳಿದರೇ ಅವರಿಗೆ ನಗು ಬರುತ್ತದೆ. ಹೋಲಿಕೆಯನ್ನು ಅಷ್ಟಕ್ಕಷ್ಟೇ ಹಿಡಿಯಿರಿ.

ಮೊದಲನೆಯದು ಆಯ. ಹಳೆಯ ಊರಲ್ಲಿ ಸಮಗಾರ ಜೋಡನ್ನು ಮಾರುತ್ತಿರಲಿಲ್ಲ. ರೈತನ ಮನೆಗೆ ವರ್ಷವಿಡೀ ಜೋಡು, ಮಿಣಿ, ಬಾರಕೋಲು, ಕಪಲಿಯ ತೊಗಲು ಮಾಡಿಕೊಡುವುದು, ಹರಿದರೆ ಹೊಲಿದುಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ತರುವುದು. ಇದರೊಳಗಿನ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ಕೂಲಿ ಜೋಡಿಗಲ್ಲ, ವರ್ಷಕ್ಕೆ. ಹಾಗಿದ್ದಾಗ ಜೋಡು ಹೆಚ್ಚು ಬಾಳಿಕೆ ಬಂದಷ್ಟೂ ಮಾಡುವವನಿಗೇ ಲಾಭ: ಕಡಿಮೆ ತೊಗಲು, ಕಡಿಮೆ ದುಡಿಮೆ, ಅದೇ ಜೋಳ. ಕೋಸ್ ಹೇಳಿದ ಬಾಡಿಗೆಯ ಉಪಾಯ ಇದೇ. ಕೊಲ್ಹಾಪುರಿ ಚಪ್ಪಲಿ ಅಷ್ಟು ಗಟ್ಟಿಯಾಗಿರುವುದಕ್ಕೆ ಕಸುಬಿನ ಹೆಮ್ಮೆಯ ಜೊತೆ ಈ ಲೆಕ್ಕವೂ ಕಾರಣ ಎಂದು ನನಗನ್ನಿಸುತ್ತದೆ. ಹಾಗೆಂದು ಆಯವನ್ನು ಹಾಡಿ ಹೊಗಳಲು ನಾನು ಸಿದ್ಧಳಿಲ್ಲ. ಬಿಟ್ಟುಹೋಗುವ ಸ್ವಾತಂತ್ರ್ಯ ಇಲ್ಲದ, ಜೋಳದ ಅಳತೆಯನ್ನು ಕೊಡುವವನೇ ಗೊತ್ತುಮಾಡುವ ವ್ಯವಸ್ಥೆ ಅದು. ದಯಾ ಪವಾರರ 'ಬಲುತ' ಓದಿದವರಿಗೆ ಆ ಜೋಳದ ರುಚಿ ಗೊತ್ತು. ಗಟ್ಟಿ ಚಪ್ಪಲಿಯ ಬೇರು ಒಂದು ಜೀತದಲ್ಲಿದೆ ಎಂಬುದನ್ನು ಕರಕುಶಲದ ಬಗ್ಗೆ ಕಣ್ಣು ತೇವ ಮಾಡಿಕೊಂಡು ಬರೆಯುವವರು ಮರೆಯಬಾರದು.

ಆಯ ಮುರಿದು ಅಂಗಡಿ ಬಂತು. ಜೋಡಿಗೆ ಬೆಲೆ ಬಂತು, ಬೆಲೆಯ ಜೊತೆ ಸ್ವಾತಂತ್ರ್ಯವೂ ಬಂತು. ಆಗ ಗಟ್ಟಿತನ ತಿರುಗಿ ಬಿತ್ತು. ವ್ಯಾಪಾರಿಗೆ ಬೇಗ ಹರಿಯುವುದೇ ಬೇಕು. ತಳದೊಳಗೆ ರಟ್ಟು, ವಾದಿಯ ಬದಲು ನೈಲಾನು ದಾರ, ಹೊಲಿಗೆಯ ಬದಲು ಅಂಟು, ಕೊನೆಗೆ ಪೂರಾ ರೆಕ್ಸಿನ್ನು. ನೋಡಲು ಕೊಲ್ಹಾಪುರಿ, ಒಂದು ಮಳೆಗಾಲಕ್ಕೆ ಮುಗಿಯಿತು. ಕಚ್ಚಾ ತೊಗಲಿನ ಕಷ್ಟವೂ ಸೇರಿಕೊಂಡಿತು. ಮಹಾರಾಷ್ಟ್ರದಲ್ಲಿ 2015ರಲ್ಲಿ, ಕರ್ನಾಟಕದಲ್ಲಿ 2020ರ ಕಾಯ್ದೆಯಿಂದ ಜಾನುವಾರು ವಧೆಯ ನಿಯಮ ಬಿಗಿಯಾದ ಮೇಲೆ ತೊಗಲಿನ ವ್ಯಾಪಾರದಲ್ಲೇ ಅಂಜಿಕೆ ಹೊಕ್ಕಿತು. ದೊಡ್ಡಪ್ಪ ಕಸುಬು ಬಿಟ್ಟದ್ದು ಆ ದಿನಗಳಲ್ಲೇ. ಮಂಡಿನೋವು ಎಂದು ಹೇಳುತ್ತಾನೆ.

ಹತ್ತಿರದ ನಿಪ್ಪಾಣಿಯನ್ನು ನೋಡಿದರೆ ಇದೆಲ್ಲ ಇನ್ನೂ ಸ್ಪಷ್ಟ. ಅದು ತಂಬಾಕಿನ ಊರು, ಬೀಡಿಯ ಊರು. ಬೀಡಿ ಕೆಲವು ನಿಮಿಷಕ್ಕೆ ಸುಟ್ಟು ಬೂದಿಯಾಗುತ್ತದೆ, ಸೇದಿದವನು ಸಂಜೆಗೆ ಮತ್ತೆ ಬರುತ್ತಾನೆ. ತಂಬಾಕಿನ ವ್ಯಾಪಾರದಲ್ಲಿ ಸಾಹುಕಾರರು ಹುಟ್ಟಿದರು, 1981ರಲ್ಲಿ ಅವರ ವಿರುದ್ಧ ರೈತರ ದೊಡ್ಡ ಚಳವಳಿಯೂ ಹುಟ್ಟಿತು. ಬೀಡಿ ಕಟ್ಟುವ ಹೆಂಗಸರು ಸಂಘ ಕಟ್ಟಿಕೊಂಡರು. ಚಪ್ಪಲಿಗೆ ಅಂಥ ಸಾಹುಕಾರನೂ ಇರಲಿಲ್ಲ, ಅಂಥ ಚಳವಳಿಯೂ ಹುಟ್ಟಲಿಲ್ಲ. ಮನೆಮನೆಯ ಪಡಸಾಲೆಯಲ್ಲಿ ಹಂಚಿಹೋದ ಕೆಲಸ ಅದು. ಅಥಣಿಯಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ಸೇರಿ 'ಟೋಹೋಲ್ಡ್' ಎಂಬ ಹೆಸರಿನಲ್ಲಿ ವಿದೇಶಕ್ಕೆ ಕಳಿಸುವ ಮಟ್ಟಕ್ಕೆ ಬೆಳೆದದ್ದು ದೊಡ್ಡ ಅಪವಾದ. ಹೆಣಿಗೆ, ಗೊಂಡೆ, ಪಟ್ಟಿಯ ಕಸೂತಿ ಎಲ್ಲ ಹೆಂಗಸರ ಕೈಯದೇ ಆದರೂ ನಮ್ಮ ಮನೆಯ ಜೋಡನ್ನು ಊರವರು ದೊಡ್ಡಪ್ಪನ ಜೋಡು ಎಂದರೇ ಹೊರತು ದೊಡ್ಡವ್ವನ ಜೋಡು ಎಂದು ಯಾರೂ ಅನ್ನಲಿಲ್ಲ. ಈ ಮಟ್ಟಿಗೆ ಪುರಾಣವೇ ವಾಸಿ, ಎಡಗಾಲಿನದು ಕಲ್ಯಾಣಮ್ಮನದೆಂದು ಲೆಕ್ಕ ಇಟ್ಟಿದೆ.

ಮೂರನೆಯ ದಾರಿ ಮೊನ್ನೆ ಮೊನ್ನೆ ಕಂಡದ್ದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ನಮ್ಮ ಜೋಡಿನಂಥದ್ದೇ ಜೋಡನ್ನು ಮೂಲದ ಹೆಸರೆತ್ತದೆ ಮೆಟ್ಟಿಸಿ ನಡೆಸಿತು. ಗದ್ದಲವಾಯಿತು, ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಕೊಲ್ಹಾಪುರದ ಹೆಸರು ಎಲ್ಲೆಲ್ಲೂ ಕೇಳಿದಾಗ ನಮ್ಮ ಮಂತ್ರಿ ಪ್ರಿಯಾಂಕ್ ಖರ್ಗೆ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಹೆಸರನ್ನೂ ಹೇಳಿ ನೆನಪಿಸಬೇಕಾಯಿತು. 2018ರ ಭೌಗೋಳಿಕ ಸೂಚಿಯಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಡಿಸೆಂಬರಿನಲ್ಲಿ ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಮ್ ಎರಡೂ ನಿಗಮಗಳ ಜೊತೆ ಪ್ರಾಡಾ ಒಪ್ಪಂದ ಮಾಡಿಕೊಂಡಿತು. ಸುಮಾರು 2,000 ಜೊತೆ, ಒಂದಕ್ಕೆ 800 ಯೂರೋ ಆಸುಪಾಸು. ಅಂದರೆ 80 ಸಾವಿರ ರೂಪಾಯಿಗೂ ಮೇಲೆ. ಇಷ್ಟೇ, ಇನ್ನು ಮಾಡುವುದಿಲ್ಲ ಎನ್ನುವುದರಿಂದಲೇ ಆ ಬೆಲೆ. ಇದು ಕೋಸ್ ಹೇಳಿದ ಮಾತು ಕೊಡುವ ಉಪಾಯ.

ಇದನ್ನು ಕಳ್ಳತನ ಎಂದು ಬೈದು ಮುಗಿಸಲು ನನಗೆ ಮನಸ್ಸಿಲ್ಲ. ಒಪ್ಪಂದದಲ್ಲಿ ತರಬೇತಿಯ ಮಾತಿದೆ, ಕೆಲವು ಮನೆಗಳಿಗೆ ಕೆಲಸ ಬಂದರೆ ಒಳ್ಳೆಯದೇ. ನನ್ನ ಅನುಮಾನ ಬೇರೆ. 80 ಸಾವಿರದ ಜೋಡನ್ನು ಮೆಟ್ಟಿಕೊಂಡು ಯಾರು ಎಷ್ಟು ದೂರ ನಡೆಯುತ್ತಾರೆ? ಅದು ಮತ್ತೆ ತಲೆಯ ಮೇಲಿಡುವ ಜೋಡು. ಬಸವಣ್ಣ ತಲೆಯ ಮೇಲಿಟ್ಟದ್ದು ಮಾಡಿದವರಿಗೆ ಸಲ್ಲಿಸಿದ ಗೌರವಕ್ಕಾಗಿ, ಇದು ಇಟ್ಟುಕೊಂಡವನ ಗೌರವಕ್ಕಾಗಿ. ಎರಡೂ ಕಡೆ ಜೋಡು ನಡೆಯುವುದಿಲ್ಲ. ನಡೆಯದ ಜೋಡಿಗೆ ರಿಪೇರಿ ಬೇಡ, ರಿಪೇರಿ ಇಲ್ಲದಲ್ಲಿ ಮಾಡಿದವನಿಗೂ ಮೆಟ್ಟಿದವನಿಗೂ ಎರಡನೆಯ ಭೇಟಿ ಇಲ್ಲ. ದೊಡ್ಡಪ್ಪನ ಬದುಕಿನ ಅರ್ಧ ಆ ಎರಡನೆಯ ಭೇಟಿಗಳಲ್ಲೇ ಕಳೆದಿತ್ತು. ಒಂದು ಜೋಡನ್ನು ಕೈಗೆತ್ತಿಕೊಂಡು ಸವೆತ ನೋಡಿದರೆ ಸಾಕು, ಇವನು ಎಡಗಾಲ ಎಳೆದು ನಡೀತಾನ, ಇವನು ಈ ಸಲ ಕಬ್ಬು ಹಾಕ್ಯಾನ, ಕೆಸರಾಗ ಭಾಳ ನಿಂತಾನ ಎಂದು ಹೇಳುತ್ತಿದ್ದ. ಅದೂ ಒಂದು ಓದು, ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದಕ್ಕಿಂತ ನಿಖರವಾದದ್ದು.

ಈಗ ನನ್ನ ತಪ್ಪನ್ನೂ ಹೇಳಿಬಿಡಬೇಕು. ಎಂ.ಎ.ಗೆ ಹೊರಟಾಗ ದೊಡ್ಡಪ್ಪ ನನಗೊಂದು ಜೋಡು ಮಾಡಿಕೊಟ್ಟಿದ್ದ. ಹೆಣಿಗೆ ದೊಡ್ಡವ್ವನದು. ಮೊದಲ ವಾರ ಕಚ್ಚಿತು. ಹಾಸ್ಟೆಲಿನ ಕಾರಿಡಾರಿನಲ್ಲಿ ಕರ್ ಕರ್ ಎಂದು ಸದ್ದು ಮಾಡಿತು. ಯಾರೋ ತಿರುಗಿ ನೋಡಿದರು. ಅವರು ಸದ್ದಿಗೆ ನೋಡಿದರೋ, ನನ್ನ ಅಡ್ಡಹೆಸರು ಗೊತ್ತಿದ್ದು ನೋಡಿದರೋ, ನಾನು ವಿಚಾರಿಸಲಿಲ್ಲ. ಜೋಡು ಪೆಟ್ಟಿಗೆಗೆ ಹೋಯಿತು. ಪಿಎಚ್‌ಡಿಗೆ ಸೇರಿದ ಮೇಲೆ ಅದನ್ನೇ ಹೊರತೆಗೆದು ಮೇಜಿನ ಮೇಲೆ, ವಚನ ಸಂಪುಟಗಳ ಪಕ್ಕ ಇಟ್ಟೆ. ಬಂದ ಗೆಳೆಯರು ಫೋಟೋ ತೆಗೆದುಕೊಂಡರು. ಆ ಆರು ವರ್ಷದಲ್ಲಿ ನಾನು ಅದನ್ನು ನಾಚಿಕೆಗೂ ಮೆಟ್ಟಲಿಲ್ಲ, ಹೆಮ್ಮೆಗೂ ಮೆಟ್ಟಲಿಲ್ಲ. ಹೋದ ದೀಪಾವಳಿಗೆ ಊರಿಗೆ ಒಯ್ದಾಗ ದೊಡ್ಡಪ್ಪ ಕೈಯಲ್ಲಿ ಹಿಡಿದು ಬಾಗಿಸಿದ. ತಳ ಬಾಗಲಿಲ್ಲ, ಉಂಗುಟದ ಹತ್ತಿರ ಬಿರುಕು ಕಂಡಿತು. "ಮೆಟ್ಟೇ ಇಲ್ಲಲ್ಲ ಯವ್ವಾ" ಅಂದ. ಬೈಯಲಿಲ್ಲ. ದೊಡ್ಡವ್ವ ಒಳಗಿನಿಂದ ಔಡಲೆಣ್ಣೆಯ ಬಟ್ಟಲು ತಂದಿಟ್ಟಳು.

ಮೂರು ದಿನ ಎಣ್ಣೆ ಕುಡಿಸಿದೆವು. ಆಮೇಲೆ ನಾನು ಅದನ್ನೇ ಮೆಟ್ಟಿಕೊಂಡು ಬಸ್ಸು ಹತ್ತಿದೆ. ಚಿಕ್ಕೋಡಿಯಲ್ಲಿ ಇಳಿಯುವಷ್ಟರಲ್ಲಿ ಉಂಗುಟ ಕಿತ್ತು ಬಂತು. ನಿಲ್ದಾಣದ ಹೊರಗೆ ಕೊಡೆಯ ಕೆಳಗೆ ಕೂತಿದ್ದ ಮುದುಕರೊಬ್ಬರು ಜೋಡನ್ನು ತಿರುಗಿಸಿ ತಿರುಗಿಸಿ ನೋಡಿ, "ಅಥಣಿ ಕಡೀದು. ಹಳೇ ಕೈ" ಅಂದರು. ನಲವತ್ತು ರೂಪಾಯಿ ಹೇಳಿದರು. ಈಗ ವಾದಿ ಎಲ್ಲಿ ಸಿಗತೈತಿ ಅಂತ ನೈಲಾನು ದಾರದಿಂದಲೇ ಹೊಲಿದರು. ಎರಡು ಮೊಳೆ ಹೊಡೆಯಲು ಸುತ್ತಿಗೆ ಎತ್ತಿದಾಗ ನಾನು ತಡೆದೆ. ಅವರು ನನ್ನ ಮುಖ ನೋಡಿ, ಯಾರ ಮನಿ ಮಗಳವಾ ನೀ, ಎಂದು ಕೇಳಿದರು. ಹೇಳಿದೆ.